ಎಲ್‌ಡಿಎಲ್ 148 ಸರಿ, ಆದರೆ ಅದು ಇರೋದೆಲ್ಲಿ?

ಮಾಟುಂಗಾದ ನಮ್ಮ ಕಟ್ಟಡದ ಎರಡನೇ ಮಹಡಿಯ ಮಾಮ ಕಾರ್ಕಳದ ಕಡೆಯವರು. ನಲವತ್ತು ವರ್ಷ ಹೋಟೆಲ್ ನಡೆಸಿ ಈಗ ಮನೆಯಲ್ಲಿದ್ದಾರೆ. ಆರು ತಿಂಗಳಿಗೊಮ್ಮೆ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆ, ಮಾಡಿಸುತ್ತಾರೆ, ರಿಪೋರ್ಟ್ ಹಿಡಿದುಕೊಂಡು ನೇರ ನಮ್ಮ ಮನೆಗೆ ಬರುತ್ತಾರೆ. ನಾನು ಡಾಕ್ಟರಲ್ಲ, ಲ್ಯಾಬಿನಲ್ಲಿ ಜೀವಕೋಶ ಬೆಳೆಸುವವಳು ಅಂತ ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ. ಹೋದ ಸಲ ಎಲ್‌ಡಿಎಲ್, ಅಂದರೆ ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಕಣದ ಲೆಕ್ಕ, 148 ಇತ್ತು. ಅದರ ಮೇಲೆ ಬೆರಳಿಟ್ಟು ಕೇಳಿದರು: "ಎಂತ ಮಾರಾಯ್ತಿ, ನಿನ್ನ ಮೈಕ್ರೋಸ್ಕೋಪಿನಲ್ಲಿ ಈ ಕೊಲೆಸ್ಟ್ರಾಲ್ ಕಣ್ಣಿಗೆ ಕಾಣ್ತದಾ?"

"ಕಾಣ್ತದೆ ಮಾಮ. ಆದರೆ ಈ ಕೊಲೆಸ್ಟ್ರಾಲ್ ಅಲ್ಲ."

ನಾನು ಜಾರಿಕೊಳ್ಳುತ್ತಿದ್ದೇನೆ ಅಂತ ಅವರಿಗೆ ಅನ್ನಿಸಿತು. ಹಾಗಲ್ಲ. ರಕ್ತದ ರಿಪೋರ್ಟು ಅಂದರೆ ವಾಶಿ ಮಾರ್ಕೆಟ್ಟಿನ ರಸ್ತೆಯಲ್ಲಿ ನಿಂತು ಈರುಳ್ಳಿ ಲಾರಿ ಎಣಿಸಿದ ಹಾಗೆ. ಆ ಹೊತ್ತಿಗೆ ರಸ್ತೆಯ ಮೇಲೆ ಎಷ್ಟು ಮಾಲು ಓಡಾಡುತ್ತಿದೆ ಅಂತ ಗೊತ್ತಾಗುತ್ತದೆ. ಮಾಲು ಇಳಿಯಿತಾ, ಗೋಡೌನಿನ ಬಾಗಿಲಲ್ಲೇ ನಿಂತಿತಾ, ಒಳಗೆ ಹೋಗಿ ಹೊರಗೆ ಬರಲಾಗದೆ ಕೊಳೆಯುತ್ತಿದೆಯಾ ಅನ್ನುವುದು ಗೊತ್ತಾಗುವುದಿಲ್ಲ. ಕೊಲೆಸ್ಟ್ರಾಲ್ ಕೆಲಸ ಮಾಡುವುದು, ಕೆಡುವುದು ಎರಡೂ ಜೀವಕೋಶದ ಒಳಗೆ. ಅಲ್ಲಿ 'ಎಷ್ಟು' ಅನ್ನುವುದಕ್ಕಿಂತ 'ಎಲ್ಲಿ' ಅನ್ನುವ ಪ್ರಶ್ನೆ ದೊಡ್ಡದು. ಅದನ್ನು ಕಣ್ಣಿಗೆ ಕಾಣಿಸುವ ಹಳೆಯ ಉಪಾಯ ಒಂದು ನೀಲಿ ಬಣ್ಣ. ಒಂದು ಅಪರೂಪದ ಕಾಯಿಲೆಯನ್ನು ಪತ್ತೆ ಮಾಡಲು ಈಗಲೂ ಆ ಬಣ್ಣ ಬೇಕೋ ಬೇಡವೋ ಅನ್ನುವ ಚರ್ಚೆ ನಡೆದಿದೆ. ಬೇಕು ಅನ್ನುವವಳು ನಾನು. ಯಾಕೆ ಅಂತ ಹೇಳುತ್ತೇನೆ.

ಬಣ್ಣದ ಹೆಸರು ಫಿಲಿಪಿನ್. ಹೆಸರೇ ಊರು ಹೇಳುತ್ತದೆ. ಫಿಲಿಪೀನ್ಸ್ ದೇಶದ ಮಣ್ಣಿನಲ್ಲಿ ಸಿಕ್ಕ ಸ್ಟ್ರೆಪ್ಟೊಮೈಸಿಸ್ ಫಿಲಿಪಿನೆನ್ಸಿಸ್ ಅನ್ನುವ ಬ್ಯಾಕ್ಟೀರಿಯಾ ಇದನ್ನು ತಯಾರಿಸುತ್ತದೆ. ಮೊದಲ ವರದಿ ಬಂದದ್ದು 1955ರಲ್ಲಿ. ಆಗ ಇದನ್ನು ನೋಡಿದ್ದು ಬಣ್ಣ ಅಂತ ಅಲ್ಲ, ಫಂಗಸ್ ಕೊಲ್ಲುವ ವಸ್ತು ಅಂತ. 2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ ಮುಂಬೈ, ಪುಣೆಯಲ್ಲಿ ಜನ ಚೀಟಿ ಹಿಡಿದುಕೊಂಡು ಆಂಫೋಟೆರಿಸಿನ್ ಬಿ ಹುಡುಕಿ ಮೆಡಿಕಲ್ ಅಂಗಡಿಯಿಂದ ಅಂಗಡಿಗೆ ಅಲೆದದ್ದು ನೆನಪಿದೆ ಅಲ್ವಾ? ಫಿಲಿಪಿನ್ ಅದರದೇ ಮನೆತನದ್ದು. ಫಂಗಸ್ಸಿನ ಪೊರೆಯಲ್ಲಿ ಕೊಲೆಸ್ಟ್ರಾಲ್ ಇರುವುದಿಲ್ಲ, ಎರ್ಗೊಸ್ಟೆರಾಲ್ ಅನ್ನುವ ಅದರ ತಂಗಿಯಂಥ ವಸ್ತು ಇರುತ್ತದೆ. ಆಂಫೋಟೆರಿಸಿನ್ ಆ ತಂಗಿಯನ್ನೇ ಹೆಚ್ಚು ಹಿಡಿಯುತ್ತದೆ, ಹಾಗಾಗಿ ಮನುಷ್ಯರಿಗೆ ಕೊಡಬಹುದು. ಆಗಲೂ ಕಿಡ್ನಿಗೆ ಕಾಟ ತಪ್ಪುವುದಿಲ್ಲ. ಫಿಲಿಪಿನ್‌ಗೆ ಆ ವಿವೇಕ ಇಲ್ಲ. ನಮ್ಮ ಕೊಲೆಸ್ಟ್ರಾಲನ್ನೂ ಗಟ್ಟಿಯಾಗಿ ಹಿಡಿದು ಪೊರೆಯನ್ನೇ ಹರಿದುಹಾಕುತ್ತದೆ. ಔಷಧಿಯಾಗಿ ಸೋತಿತು. ಅದೇ ಗುಣದಿಂದ ಬಣ್ಣವಾಗಿ ಗೆದ್ದಿತು.

ಅದರ ಅಣುವಿನಲ್ಲಿ ಐದು ಜೋಡಿಬಂಧಗಳು ಒಂದರ ಪಕ್ಕ ಒಂದು ಸಾಲಾಗಿವೆ. ಆ ಸಾಲಿನಿಂದಲೇ ಅದು ಕಣ್ಣಿಗೆ ಕಾಣದ ಅಲ್ಟ್ರಾವಯಲೆಟ್ ಬೆಳಕನ್ನು, ಸುಮಾರು 340ರಿಂದ 380 ನ್ಯಾನೊಮೀಟರ್ ಒಳಗಿನದ್ದನ್ನು, ನುಂಗಿ ನೀಲಿಯಾಗಿ ಹೊಳೆಯುತ್ತದೆ. ಹೊಳೆಯುವುದು ಫಿಲಿಪಿನ್, ಕೊಲೆಸ್ಟ್ರಾಲ್ ಅಲ್ಲ. ಇದೊಂದನ್ನು ಮರೆತು ಆದ ಎಡವಟ್ಟುಗಳು ಒಂದೆರಡಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಕೊಲೆಸ್ಟ್ರಾಲ್ ಅಣುವಿನ ಒಂದು ತುದಿಯಲ್ಲಿ ಆಮ್ಲಜನಕ ಮತ್ತು ಜಲಜನಕ ಸೇರಿದ ಪುಟ್ಟ ಹಿಡಿ ಇದೆ. ಫಿಲಿಪಿನ್ ಹಿಡಿಯುವುದಕ್ಕೆ ಆ ಹಿಡಿ ಖಾಲಿ ಇರಬೇಕು. ಆದರೆ ಜೀವಕೋಶ ಹೆಚ್ಚಾದ ಕೊಲೆಸ್ಟ್ರಾಲನ್ನು ಹಾಗೇ ಇಟ್ಟುಕೊಳ್ಳುವುದಿಲ್ಲ. ಹಿಡಿಗೆ ಒಂದು ಕೊಬ್ಬಿನ ಆಮ್ಲ ಕಟ್ಟಿ, ಎಸ್ಟರ್ ಮಾಡಿ, ಎಣ್ಣೆಹನಿಯೊಳಗೆ ತುಂಬಿಡುತ್ತದೆ. ಉಪ್ಪಿನಕಾಯಿ ಭರಣಿಗೆ ತುಂಬಿಟ್ಟ ಹಾಗೆ. ಫಿಲಿಪಿನ್ ಕಣ್ಣಿಗೆ ಭರಣಿ ಬೀಳುವುದೇ ಇಲ್ಲ, ಹೊರಗೆ ಹರಡಿದ ಮಾವಿನಕಾಯಿ ಮಾತ್ರ ಕಾಣುತ್ತದೆ. ಹೃದಯದ ರಕ್ತನಾಳದ ಗೋಡೆಯಲ್ಲಿ ಕೊಬ್ಬು ತಿಂದು ಉಬ್ಬಿ ನೊರೆಯ ಹಾಗೆ ಕಾಣುವ ಕೋಶಗಳಿವೆಯಲ್ಲ, ಅವುಗಳಲ್ಲಿ ಹೆಚ್ಚಿನ ಸರಕು ಇರುವುದೇ ಈ ಭರಣಿಗಳಲ್ಲಿ. ಅದಕ್ಕೆ ಆಯಿಲ್ ರೆಡ್ ಓ, ನೈಲ್ ರೆಡ್, ಬೋಡಿಪಿ 493/503 ತರಹದ ಬೇರೆ ಬಣ್ಣ ಬೇಕು. ಅವಾದರೂ ಪೂರ್ತಿ ನಂಬುವ ಹಾಗಿಲ್ಲ: ಹನಿಯೊಳಗಿರುವುದು ಕೊಲೆಸ್ಟ್ರಾಲ್ ಎಸ್ಟರೋ, ಟ್ರೈಗ್ಲಿಸರೈಡ್ ಅನ್ನುವ ಮಾಮೂಲಿ ಕೊಬ್ಬೋ ಅಂತ ಅವು ಬೇರೆ ಮಾಡಿ ತೋರಿಸುವುದಿಲ್ಲ. ಹಾಗಾಗಿ ಯಾರಾದರೂ ಫಿಲಿಪಿನ್ ಚಿತ್ರ ಒಂದನ್ನೇ ಹಾಕಿ 'ನಮ್ಮ ಗಿಡಮೂಲಿಕೆಯ ಸಾರ ಕೊಟ್ಟ ಮೇಲೆ ಕೋಶದ ಕೊಲೆಸ್ಟ್ರಾಲ್ ಇಳಿಯಿತು' ಅಂದರೆ ನಾನು ಕೇಳುವ ಮೊದಲ ಪ್ರಶ್ನೆ ಇದೇ. ಇಳಿಯಿತಾ, ಭರಣಿಗೆ ಹೋಯಿತಾ?

ಲ್ಯಾಬಿನಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ಅಂತ ಒಂದು ದಿನದ ಲೆಕ್ಕದಲ್ಲಿ ಹೇಳಿಬಿಡುತ್ತೇನೆ. ಕೋಶಗಳನ್ನು ಹಿಂದಿನ ದಿನವೇ ಗಾಜಿನ ಕವರ್‌ಸ್ಲಿಪ್ ಮೇಲೆ ಬೆಳೆಯಲು ಬಿಟ್ಟಿರುತ್ತೇವೆ. ಬೆಳಿಗ್ಗೆ ಉಪ್ಪುನೀರಿನಂಥ ಪಿಬಿಎಸ್‌ನಲ್ಲಿ ಮೂರು ಸಲ ತೊಳೆದು ಪ್ಯಾರಾಫಾರ್ಮಾಲ್ಡಿಹೈಡ್ ಹಾಕಿ, ಕೋಶ ಇದ್ದ ಸ್ಥಿತಿಯಲ್ಲೇ ಬಿಗಿಯಾಗುವಂತೆ ಮಾಡುತ್ತೇವೆ. ಬೇರೆ ಬಣ್ಣಗಳಿಗೆ ಮೆಥನಾಲ್ ಬಳಸುವ ರೂಢಿ ಇದೆ, ಇಲ್ಲಿ ಅದು ಕೂಡದು. ಮೆಥನಾಲ್ ಕೊಬ್ಬನ್ನು ಕರಗಿಸಿ ಎತ್ತಿಕೊಂಡು ಹೋಗುತ್ತದೆ. ಜಿಡ್ಡಿನ ಬಾಣಲೆಯನ್ನು ಸೋಪು ಹಾಕಿ ತೊಳೆದು ಆಮೇಲೆ ಎಣ್ಣೆ ಎಲ್ಲಿತ್ತು ಅಂತ ಹುಡುಕಿದ ಹಾಗಾಗುತ್ತದೆ. ಟ್ರೈಟಾನ್ ತರಹದ ಡಿಟರ್ಜೆಂಟ್ ಕೂಡ ಬೇಡ. ಫಿಲಿಪಿನ್ ತಾನೇ ಪೊರೆ ತೂತು ಮಾಡಿಕೊಂಡು ಒಳಗೆ ಹೋಗುವ ವಸ್ತು, ಅದಕ್ಕೆ ಬಾಗಿಲು ತೆರೆದುಕೊಡಬೇಕಾಗಿಲ್ಲ. ಉಳಿದ ಫಾರ್ಮಾಲ್ಡಿಹೈಡನ್ನು ಗ್ಲೈಸಿನ್ ಹಾಕಿ ತಣಿಸಿ, ಮಿಲಿಲೀಟರಿಗೆ ಸುಮಾರು 0.05 ಮಿಲಿಗ್ರಾಂ ಫಿಲಿಪಿನ್ ಇರುವ ದ್ರಾವಣದಲ್ಲಿ ಎರಡು ಗಂಟೆ ಕತ್ತಲಲ್ಲಿ ಇಡುತ್ತೇವೆ. ಆಮೇಲೆ ತೊಳೆದು ನೋಡುವುದು.

ನೋಡುವುದೇ ಕಷ್ಟದ ಭಾಗ. ಫಿಲಿಪಿನ್ ಹೊಳಪು ಬೆಳಕು ಬಿದ್ದ ಕ್ಷಣದಿಂದಲೇ ಮಾಸತೊಡಗುತ್ತದೆ. ಫೋಕಸ್ ಸರಿಮಾಡುತ್ತಾ ಕೂತರೆ ಚಿತ್ರ ಕಣ್ಣೆದುರೇ ಕರಗಿಹೋಗುತ್ತದೆ. ಅದಕ್ಕೆ ಮೊದಲು ಮಾಮೂಲಿ ಬೆಳಕಿನಲ್ಲಿ ಫೋಕಸ್ ಹಿಡಿದು, ಪಕ್ಕದ ತಾಜಾ ಜಾಗಕ್ಕೆ ಸರಿದು, ಶಟರ್ ತೆಗೆದು, ಒಂದೇ ಏಟಿಗೆ ಫೋಟೋ ಹೊಡೆಯಬೇಕು. ಮೊದಲ ಫೋಟೋ ಹೊಳೆಯುತ್ತದೆ, ಅದೇ ಜಾಗದ ಮೂರನೆಯದು ಮಂಕು. ಈ ಎರಡನ್ನು ಪಕ್ಕಪಕ್ಕ ಇಟ್ಟು 'ಔಷಧಿ ಕೆಲಸ ಮಾಡಿತು' ಅಂತ ಹೇಳುವುದು ಎಷ್ಟು ಸುಲಭ ಅಂತ ನೀವೇ ಯೋಚಿಸಿ.

ನನ್ನದೇ ಒಂದು ಕತೆ ಹೇಳುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಒಂದು ಸಂಜೆ ಕತ್ತಲೆ ಕೋಣೆಯಲ್ಲಿ ಕೂತು ನೋಡುತ್ತೇನೆ, ಪ್ರತಿ ಕೋಶದ ನಟ್ಟನಡುವೆ ಒಂದು ದುಂಡನೆಯ ನೀಲಿ ಚಂದ್ರ! ಕೊಲೆಸ್ಟ್ರಾಲ್ ನ್ಯೂಕ್ಲಿಯಸ್ ಒಳಗೇ ಹೋಗಿ ಕೂತಿದೆ. ಎದೆ ಡವಡವ ಅಂತಿತ್ತು. ಹೊಸದೇನೋ ಸಿಕ್ಕಿತು ಅಂತ ಸೀನಿಯರ್ ಅಕ್ಕನನ್ನು ಕ್ಯಾಂಟೀನಿನಿಂದ ಎಳೆದುಕೊಂಡು ಬಂದೆ. ಅವರು ಒಂದು ಸಲ ಬಗ್ಗಿ ನೋಡಿ ಕೇಳಿದರು, "ಕವರ್‌ಸ್ಲಿಪ್ ಕೂರಿಸೋಕೆ ಯಾವ ಬಾಟಲಿ ತಗೊಂಡೆ?" ಶೆಲ್ಫಿನ ಮೇಲೆ ಎರಡು ಬಾಟಲಿ ಇದ್ದವು, ಒಂದೇ ಕಂಪನಿಯ, ಒಂದೇ ಮುಚ್ಚಳದ ಬಣ್ಣ. ನಾನು ತೆಗೆದುಕೊಂಡದ್ದರಲ್ಲಿ ಡ್ಯಾಪಿ ಬೆರೆಸಿತ್ತು. ಡ್ಯಾಪಿ ಅಂದರೆ ಡಿಎನ್‌ಎಗೆ ಅಂಟಿ ನ್ಯೂಕ್ಲಿಯಸನ್ನು ನೀಲಿ ಮಾಡುವ ಬಣ್ಣ. ಅದೂ ಅಲ್ಟ್ರಾವಯಲೆಟ್ ನುಂಗುತ್ತದೆ, ಅದೂ ನೀಲಿಯೇ. ನನ್ನ ಚಂದ್ರ ಅಲ್ಲಿಗೇ ಮುಳುಗಿದ. ಅವತ್ತಿನಿಂದ ನ್ಯೂಕ್ಲಿಯಸ್ ತೋರಿಸಬೇಕಾದರೆ ಕೆಂಪಿನ ಕಡೆಯ ಬಣ್ಣವನ್ನೇ ಹಾಕುತ್ತೇನೆ, ಆ ಬಾಟಲಿಯ ಮೇಲೆ ಮಾರ್ಕರಿನಲ್ಲಿ ಒಂದು ಕತ್ತರಿ ಗುರುತು ಹಾಕಿಟ್ಟಿದ್ದೇನೆ.

ತಟ್ಟೆಯಲ್ಲಿ ಬೆಳೆದ ಕೋಶದ ಬಗ್ಗೆಯೂ ಎರಡು ಮಾತು. ನಮ್ಮ ಕಡೆಯ ಲ್ಯಾಬುಗಳಿಗೆ ಕೋಶಗಳು ಸಾಮಾನ್ಯವಾಗಿ ಪುಣೆಯಿಂದ ಬರುತ್ತವೆ. ಅಲ್ಲಿನ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ, ಎಲ್ಲರೂ ಎನ್‌ಸಿಸಿಎಸ್ ಅನ್ನುವುದು, ದೇಶದ ಲ್ಯಾಬುಗಳಿಗೆ ಕೋಶದ ತಳಿಗಳನ್ನು ಒದಗಿಸುವ ಭಂಡಾರ. ಬಂದ ಮೇಲೆ ಕಾಪಾಡುವುದು ನಮ್ಮ ಹಣೆಬರಹ. ಮೈಕೊಪ್ಲಾಸ್ಮಾ ಅನ್ನುವ ಪುಟಾಣಿ ಬ್ಯಾಕ್ಟೀರಿಯಾ ಸದ್ದಿಲ್ಲದೆ ತಟ್ಟೆಗೆ ಸೇರಿಕೊಳ್ಳುತ್ತದೆ. ಕೋಶ ಬೆಳೆಯುವ ದ್ರವ ಕದಡುವುದಿಲ್ಲ, ವಾಸನೆ ಬರುವುದಿಲ್ಲ. ಆದರೆ ಅದಕ್ಕೆ ಬದುಕಲು ಕೊಲೆಸ್ಟ್ರಾಲ್ ಬೇಕೇ ಬೇಕು, ತನ್ನ ಪೊರೆಗೆ ಸುತ್ತಲಿನ ಕೊಲೆಸ್ಟ್ರಾಲನ್ನೇ ಎಳೆದುಕೊಳ್ಳುತ್ತದೆ. ಹೀಗೆ ಕಳ್ಳ ಹೊಕ್ಕ ತಟ್ಟೆಯಲ್ಲಿ ಕೊಲೆಸ್ಟ್ರಾಲ್ ಲೆಕ್ಕ ಹಾಕುವುದು ಕಳ್ಳನನ್ನೇ ಗುಮಾಸ್ತ ಮಾಡಿದ ಹಾಗೆ. ಕೋಶಕ್ಕೆ ಆಹಾರವಾಗಿ ಹಾಕುವ ಕರುವಿನ ಸೀರಮ್‌ನಲ್ಲೂ, ಅಂದರೆ ರಕ್ತದ ತಿಳಿಯಲ್ಲೂ, ಕೊಲೆಸ್ಟ್ರಾಲ್ ಇರುತ್ತದೆ, ಬ್ಯಾಚಿನಿಂದ ಬ್ಯಾಚಿಗೆ ಬೇರೆ. ಹೋದ ತಿಂಗಳ ಚಿತ್ರವನ್ನು ಈ ತಿಂಗಳ ಚಿತ್ರದ ಪಕ್ಕ ಇಡುವ ಮುಂಚೆ ಇದೆಲ್ಲ ಕೇಳಬೇಕು.

ಇಷ್ಟೆಲ್ಲ ತೊಡಕಿದ್ದೂ ಯಾಕೆ ಈ ಬಣ್ಣ ಅಂದರೆ, ಅದು ಒಂದು ಕಾಯಿಲೆಯ ಗುಟ್ಟು ಬಯಲು ಮಾಡಿದೆ. ಇಲ್ಲಿ ಎರಡು ಕಾಯಿಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಮೊದಲನೆಯದು ಮನೆತನದಲ್ಲಿ ಬರುವ ಹೈ ಕೊಲೆಸ್ಟ್ರಾಲ್. ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ 1970ರ ದಶಕದಲ್ಲಿ ರೋಗಿಗಳ ಚರ್ಮದಿಂದ ತೆಗೆದ ಫೈಬ್ರೊಬ್ಲಾಸ್ಟ್ ಕೋಶಗಳನ್ನು ಬೆಳೆಸಿ ತೋರಿಸಿದರು: ಕೋಶದ ಮೇಲೆ ಎಲ್‌ಡಿಎಲ್ ಹಿಡಿಯುವ ಬಾಗಿಲೇ ಕೆಟ್ಟಿರುತ್ತದೆ. ಮಾಲು ಒಳಗೆ ಹೋಗದೆ ರಸ್ತೆಯಲ್ಲೇ ಲಾರಿ ಸಾಲುಗಟ್ಟುತ್ತವೆ, ರಕ್ತದ ರಿಪೋರ್ಟು ಕೆಂಪಾಗುತ್ತದೆ. 1985ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಕೊಲೆಸ್ಟ್ರಾಲ್ ಇಳಿಸಲು ಮಾಮ ನುಂಗುವ ಸ್ಟಾಟಿನ್ ಮಾತ್ರೆಯೂ ಈ ಬಾಗಿಲಿನ ಕತೆಗೇ ಸೇರಿದ್ದು. ಮಾತ್ರೆ ಕೋಶ ತಾನೇ ಕೊಲೆಸ್ಟ್ರಾಲ್ ಮಾಡಿಕೊಳ್ಳುವುದನ್ನು ತಡೆಯುತ್ತದೆ, ಹಸಿದ ಕೋಶ ಬಾಗಿಲು ಹೆಚ್ಚು ಮಾಡಿಕೊಂಡು ರಕ್ತದಿಂದ ಎಳೆದುಕೊಳ್ಳುತ್ತದೆ.

ಎರಡನೆಯದು ನೀಮನ್-ಪಿಕ್ ಟೈಪ್ ಸಿ. ಇಲ್ಲಿ ಬಾಗಿಲು ಸರಿಯಿದೆ. ಎಲ್‌ಡಿಎಲ್ ಒಳಗೆ ಬರುತ್ತದೆ, ಲೈಸೊಸೋಮ್ ಅನ್ನುವ ಜೀರ್ಣದ ಚೀಲ ಸೇರುತ್ತದೆ, ಬಿಡಿಬಿಡಿ ಕೊಲೆಸ್ಟ್ರಾಲ್ ಆಗುತ್ತದೆ. ಅಲ್ಲಿಂದ ಹೊರಡಿಸಬೇಕಾದವು ಎರಡು ಪ್ರೊಟೀನು. ಎನ್‌ಪಿಸಿ2 ಚೀಲದೊಳಗೆ ಎತ್ತಿ ಕೊಡುತ್ತದೆ, ಎನ್‌ಪಿಸಿ1 ಚೀಲದ ಗೋಡೆಯಿಂದ ಆಚೆ ದಾಟಿಸುತ್ತದೆ. ಇವೆರಡರಲ್ಲಿ ಒಂದು ಕೆಟ್ಟರೂ ಮಾಲು ಗೋಡೌನಿನಲ್ಲೇ ಸಿಕ್ಕಿಕೊಳ್ಳುತ್ತದೆ. ಕೋಶದ ಉಳಿದ ಭಾಗ ಕೊಲೆಸ್ಟ್ರಾಲ್ ಇಲ್ಲ ಅಂತ ಅಳುತ್ತಿರುತ್ತದೆ, ಚೀಲ ಮಾತ್ರ ಬಿರಿಯುತ್ತಿರುತ್ತದೆ. ರಕ್ತದ ರಿಪೋರ್ಟ್ ನೋಡಿದರೆ ಗಾಬರಿಪಡುವಂಥದ್ದು ಏನೂ ಕಾಣುವುದಿಲ್ಲ. ಲಾರಿ ಎಣಿಸುವವನಿಗೆ ಇದು ಯಾವತ್ತೂ ಸಿಗದ ಕಾಯಿಲೆ.

ಫಿಲಿಪಿನ್‌ಗೆ ಸಿಗುತ್ತದೆ. ರೋಗಿಯ ಚರ್ಮದ ಕೋಶ ಬೆಳೆಸಿ, ಕೆಲವು ದಿನ ಕೊಬ್ಬಿಲ್ಲದ ಸೀರಮ್‌ನಲ್ಲಿ ಉಪವಾಸ ಹಾಕಿ, ಆಮೇಲೆ ಎಲ್‌ಡಿಎಲ್ ಉಣಿಸಿ ಬಣ್ಣ ಹಾಕಿದರೆ ನ್ಯೂಕ್ಲಿಯಸ್ ಸುತ್ತ ನೀಲಿ ಚುಕ್ಕೆಗಳು ಕಿಕ್ಕಿರಿದು ಹೊಳೆಯುತ್ತವೆ. ಆರೋಗ್ಯವಂತರ ಕೋಶದಲ್ಲಿ ಅಂಚಿನ ಪೊರೆಯ ಮೇಲೆ ತೆಳುವಾದ ನೀಲಿ, ಒಳಗೆ ಅಲ್ಲಲ್ಲಿ ಮಂಕು. ಹೆಚ್ಚಿನ ರೋಗಿಗಳಲ್ಲಿ ವ್ಯತ್ಯಾಸ ನೋಡಲು ಪರಿಣತಿ ಬೇಡ, ಕಣ್ಣಿದ್ದರೆ ಸಾಕು. ಅಮೆರಿಕದ ಪೀಟರ್ ಪೆಂಚೆವ್ ಮತ್ತು ಜೊತೆಗಾರರು 1980ರ ದಶಕದಲ್ಲಿ ಇದು ಕೊಲೆಸ್ಟ್ರಾಲ್ ಸಾಗಾಟದ ಕಾಯಿಲೆ ಅಂತ ತೋರಿಸಿದ ಮೇಲೆ ದಶಕಗಳ ಕಾಲ ಫಿಲಿಪಿನ್ ಪರೀಕ್ಷೆಯೇ ಕೊನೆಯ ಮಾತಾಗಿತ್ತು. ಎನ್‌ಪಿಸಿ1 ಜೀನ್ ಸಿಕ್ಕಿದ್ದು 1997ರಲ್ಲಿ, ಎನ್‌ಪಿಸಿ2 ಜೀನ್ 2000ದಲ್ಲಿ. (ಎನ್‌ಪಿಸಿ1 ಮೇಲೆ ಕಣ್ಣಿಟ್ಟವರು ಇನ್ನೂ ಇದ್ದಾರೆ: ಎಬೋಲಾ ವೈರಸ್ ಕೋಶದೊಳಗೆ ನುಗ್ಗಲು ಇದೇ ಪ್ರೊಟೀನನ್ನು ಹಿಡಿದುಕೊಳ್ಳುತ್ತದೆ.)

ಕಾಯಿಲೆ ಅಪರೂಪದ್ದು. ಸಾಮಾನ್ಯವಾಗಿ ಹೇಳುವ ಲೆಕ್ಕ ಲಕ್ಷ ಹುಟ್ಟಿಗೆ ಒಂದರ ಆಸುಪಾಸು. ಆದರೆ ನಮ್ಮವರು ಕೇಳಿಸಿಕೊಳ್ಳಬೇಕಾದ ಒಂದು ಮಾತಿದೆ. ಕೆಟ್ಟ ಜೀನು ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಈ ಕಾಯಿಲೆ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ನಮ್ಮಲ್ಲಿ ನಡೆದುಬಂದದ್ದು. ಒಂದೇ ಅಜ್ಜನ ಜೀನು ಎರಡು ದಾರಿಯಲ್ಲಿ ಬಂದು ಒಂದು ಮಗುವಿನಲ್ಲಿ ಸೇರುವ ಸಂಭವ ಅಂಥ ಮದುವೆಯಲ್ಲಿ ಜಾಸ್ತಿ. ಲಕ್ಷಣಗಳೂ ಮೋಸದವು. ಕೆಲವು ಮಕ್ಕಳಿಗೆ ಹುಟ್ಟಿದಾಗ ಬಿಡದ ಕಾಮಾಲೆ, ಗುಲ್ಮ ದೊಡ್ಡದು. ಆಮೇಲೆ ವರ್ಷಗಟ್ಟಲೆ ಏನೂ ಇಲ್ಲ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಮಗು ಎಡವುತ್ತದೆ, ಕೈಬರಹ ಕೆಡುತ್ತದೆ, ಮೆಟ್ಟಿಲು ಇಳಿಯುವಾಗ ಕಣ್ಣು ಕೆಳಗೆ ಹೊರಳುವುದಿಲ್ಲ, ಬದಲಿಗೆ ತಲೆಯನ್ನೇ ಬಗ್ಗಿಸುತ್ತದೆ. ಜೋರಾಗಿ ನಕ್ಕರೆ ಕೈಕಾಲು ಸೋತು ಬೀಳುವ ಮಕ್ಕಳೂ ಇವೆ. ಮನೆಯವರು 'ಚೇಷ್ಟೆ' ಅನ್ನುತ್ತಾರೆ, ಟೀಚರು 'ಗಮನ ಇಲ್ಲ' ಅನ್ನುತ್ತಾರೆ.

ಇದುವರೆಗೆ 'ಕಂಡುಹಿಡಿದು ಏನು ಮಾಡೋದು' ಅನ್ನುವ ಮಾತಿತ್ತು. ಯುರೋಪಿನಲ್ಲಿ 2009ರಿಂದ ಮಿಗ್ಲುಸ್ಟಾಟ್ ಅನ್ನುವ ಔಷಧಿ ಇತ್ತು, ಅಷ್ಟೇ. 2024ರ ಸೆಪ್ಟೆಂಬರಿನಲ್ಲಿ ಒಂದೇ ವಾರದ ಅಂತರದಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎರಡು ಔಷಧಿಗಳಿಗೆ ಒಪ್ಪಿಗೆ ಕೊಟ್ಟಿತು, ಮಿಗ್ಲುಸ್ಟಾಟ್ ಜೊತೆಗೆ ಕೊಡುವ ಅರಿಮೊಕ್ಲೊಮೊಲ್ ಮತ್ತು ಲೆವಾಸೆಟೈಲ್‌ಲ್ಯೂಸಿನ್. ಎರಡೂ ಕಾಯಿಲೆಯನ್ನು ಬೇರಿನಿಂದ ಕೀಳುವುದಿಲ್ಲ. ಆದರೆ ಬೇಗ ಗೊತ್ತಾದರೆ ಏನಾದರೂ ಮಾಡಬಹುದು ಅನ್ನುವ ಮಾತು ಈಗ ಬರಿ ಸಮಾಧಾನದ್ದಲ್ಲ. ನಮ್ಮಲ್ಲೂ 2021ರ ಅಪರೂಪದ ಕಾಯಿಲೆಗಳ ನೀತಿ ಇದೆ, ಪಟ್ಟಿಯಲ್ಲಿರುವ ಕಾಯಿಲೆಗಳಿಗೆ 50 ಲಕ್ಷ ರೂಪಾಯಿವರೆಗೆ ನೆರವು, ಅದಕ್ಕೆ ಗೊತ್ತು ಮಾಡಿದ ಆಸ್ಪತ್ರೆಗಳಲ್ಲಿ ಪರೇಲಿನ ಕೆಇಎಂ ಒಂದು. ಕಾಯಿಲೆಯ ಹೆಸರು ಗಟ್ಟಿಯಾಗದೆ ಅಲ್ಲಿ ಅರ್ಜಿ ಮುಂದೆ ಹೋಗುವುದಿಲ್ಲ.

ಹೆಸರು ಗಟ್ಟಿ ಮಾಡುವುದು ಹೇಗೆ? ಇಲ್ಲೇ ಜಗಳ. ಕಳೆದ ಹತ್ತು ವರ್ಷಗಳಲ್ಲಿ ಫಿಲಿಪಿನ್ ಹಿಂದಿನ ಸಾಲಿಗೆ ಸರಿದಿದೆ. ಈಗ ಮೊದಲು ರಕ್ತದಲ್ಲಿ ಆಕ್ಸಿಸ್ಟೆರಾಲ್ (ಆಮ್ಲಜನಕ ಸೇರಿ ಬದಲಾದ ಕೊಲೆಸ್ಟ್ರಾಲ್) ತರಹದ, ಲಿಪಿಡ್ ಪ್ರೊಫೈಲಿನಲ್ಲಿ ಬಾರದ ಗುರುತುಗಳನ್ನು ಅಳೆಯುತ್ತಾರೆ, ಜೊತೆಗೆ ಜೀನ್ ಪರೀಕ್ಷೆ. ನ್ಯಾಯವೇ. ಚರ್ಮ ಕತ್ತರಿಸಬೇಕಾಗಿಲ್ಲ, ಮುಂಬೈ ಸೆಖೆಯಲ್ಲಿ ಜೀವಂತ ಕೋಶ ಸಾಗಿಸಬೇಕಾಗಿಲ್ಲ, ಬೆಳೆಯಲು ವಾರಗಟ್ಟಲೆ ಕಾಯಬೇಕಾಗಿಲ್ಲ. ಫಿಲಿಪಿನ್ ಎಲ್ಲರಲ್ಲೂ ಒಂದೇ ಥರ ಹೊಳೆಯುವುದೂ ಇಲ್ಲ. ಕೆಲವು ರೋಗಿಗಳಲ್ಲಿ ಚುಕ್ಕೆಗಳು ಮಂಕು, ಹೌದೋ ಅಲ್ಲವೋ ಅನ್ನುವ ಹಾಗೆ. ಕಾಯಿಲೆ ಇಲ್ಲದ, ಒಂದೇ ಕೆಟ್ಟ ಜೀನು ಹೊತ್ತವರ ಕೋಶವೂ ಒಮ್ಮೊಮ್ಮೆ ತುಸು ಹೊಳೆಯುತ್ತದೆ. ಅಮಿಯೊಡರೋನ್, ಇಮಿಪ್ರಮಿನ್ ತರಹದ ಔಷಧಿಗಳು ಕೂಡ ಲೈಸೊಸೋಮಿನಲ್ಲಿ ಕೊಲೆಸ್ಟ್ರಾಲ್ ಕಟ್ಟಿಹಾಕುತ್ತವೆ. ಲ್ಯಾಬಿನಲ್ಲಿ ನಾವೇ ಯು18666ಎ ಅನ್ನುವ ವಸ್ತು ಹಾಕಿ ಒಳ್ಳೆಯ ಕೋಶದಲ್ಲಿ ನೀಮನ್-ಪಿಕ್ ವೇಷ ಕಟ್ಟಿಸುತ್ತೇವೆ, ಬಣ್ಣ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ನೋಡಲು.

ಆದರೆ ಜೀನ್ ಪರೀಕ್ಷೆಗೂ ಒಂದು ಮೌನ ಇದೆ. ಎಷ್ಟೋ ಸಲ ರಿಪೋರ್ಟಿನಲ್ಲಿ ಬರುವುದು 'ಮಹತ್ವ ಅನಿಶ್ಚಿತ' ಅನ್ನುವ ಸಾಲು. ಜೀನಿನ ಒಂದು ಅಕ್ಷರ ಬದಲಾಗಿದೆ, ಅದರಿಂದ ಪ್ರೊಟೀನು ಕೆಡುತ್ತದಾ ಇಲ್ಲವಾ ಹೇಳಲಾಗದು. ಜಗತ್ತಿನ ಜೀನ್ ಕಡತಗಳಲ್ಲಿ ಹೆಚ್ಚಿನವರು ಯುರೋಪ್ ಮೂಲದವರು. ನಮ್ಮ ಬಂಟರ, ಕೊಂಕಣಿಗರ, ಲಿಂಗಾಯತರ ಮನೆಗಳಲ್ಲಿ ಮಾಮೂಲಿಯಾದ ಬದಲಾವಣೆ ಅಲ್ಲಿ ಹೊಸದಾಗಿ ಕಾಣಬಹುದು. ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್ ಓದಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟದ್ದು ಒಳ್ಳೆಯ ಶುರು. ಆದರೂ 140 ಕೋಟಿ ಜನರ ನಾಡು ಇದು. ಅಕ್ಷರ ಓದಿ ತೀರ್ಮಾನ ಆಗದಾಗ ಉಳಿಯುವ ಪ್ರಶ್ನೆ ಒಂದೇ: ಈ ಮಗುವಿನ ಕೋಶದಲ್ಲಿ ಕೊಲೆಸ್ಟ್ರಾಲ್ ನಿಜಕ್ಕೂ ಸಿಕ್ಕಿಕೊಂಡಿದೆಯಾ? ಅದಕ್ಕೆ ಉತ್ತರ ಅಕ್ಷರದಲ್ಲಿಲ್ಲ, ಕೋಶದಲ್ಲಿದೆ.

ಹೊಸ ಬಣ್ಣಗಳು ಬರಲಿಲ್ಲವಾ? ಬಂದಿವೆ. ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್ ಬ್ಯಾಕ್ಟೀರಿಯಾದ ವಿಷದಿಂದ ತೆಗೆದ ಡಿ4 ಅನ್ನುವ ತುಂಡಿಗೆ ಬಣ್ಣದ ಬಾಲ ಕಟ್ಟಿ ಬಳಸುತ್ತಾರೆ. ಅದು ಕೋಶ ಕೊಲ್ಲದೆ ಹಿಡಿಯುತ್ತದೆ, ಬೇಗ ಮಾಸುವುದೂ ಇಲ್ಲ. ಆದರೆ ಪೊರೆಯಲ್ಲಿ ಕೊಲೆಸ್ಟ್ರಾಲ್ ಒಂದು ಮಟ್ಟ ದಾಟಿದರೆ ಮಾತ್ರ ಹಿಡಿಯುತ್ತದೆ, ಕಡಿಮೆ ಇದ್ದಲ್ಲಿ ಸೊನ್ನೆ ತೋರಿಸುತ್ತದೆ. ಕೊಲೆಸ್ಟ್ರಾಲಿಗೇ ಹೊಳೆಯುವ ತುಣುಕು ಅಂಟಿಸಿ ಜೀವಂತ ಕೋಶಕ್ಕೆ ಕುಡಿಸುವ ದಾರಿಯೂ ಇದೆ. ಬೆನ್ನಿಗೆ ಮೂಟೆ ಕಟ್ಟಿದವನ ನಡಿಗೆ ನೋಡಿ ಅವನ ಮಾಮೂಲಿ ನಡಿಗೆ ಹೀಗೇ ಅಂತ ಹೇಳಲಾಗುತ್ತದಾ? ಹಾಗಾಗಿ ನನ್ನ ಮಟ್ಟಿಗೆ ಫಿಲಿಪಿನ್ ಇನ್ನೂ ಕೆಲಸದಲ್ಲಿದೆ, ಆದರೆ ಷರತ್ತಿನ ಮೇಲೆ. ಎಕ್ಸ್‌ಪೋಶರ್ ಎಲ್ಲ ಸ್ಲೈಡಿಗೂ ಒಂದೇ ಇರಬೇಕು. ಯಾವುದು ರೋಗಿಯ ಸ್ಲೈಡ್ ಅಂತ ನೋಡುವವರಿಗೆ ಗೊತ್ತಿರಬಾರದು. ಒಟ್ಟು ಹೊಳಪಿನ ಅಂಕಿ ಕೊಟ್ಟು ಕೈತೊಳೆದುಕೊಳ್ಳದೆ, ನ್ಯೂಕ್ಲಿಯಸ್ ಸುತ್ತ ಎಷ್ಟು, ಅಂಚಿನಲ್ಲಿ ಎಷ್ಟು ಅಂತ ಬೇರೆ ಮಾಡಿ ಹೇಳಬೇಕು. 'ಎಷ್ಟು' ಅಂತಲೇ ಬೇಕಾದರೆ ಕೋಶ ಒಡೆದು ರಾಸಾಯನಿಕವಾಗಿ ಅಳೆಯುವ ವಿಧಾನಗಳಿವೆ, ಅದನ್ನು ಮಾಡಲಿ.

ಇದನ್ನೆಲ್ಲ ಮಾಮನಿಗೆ ಎರಡು ಕಾಫಿ ಮುಗಿಯುವಷ್ಟರಲ್ಲಿ ಹೇಳಿದೆ. ಫೋನಿನಲ್ಲಿದ್ದ ಒಂದು ಚಿತ್ರವನ್ನೂ ತೋರಿಸಿದೆ. ಅವರು ಕನ್ನಡಕ ಮೇಲೆ ಮಾಡಿ, ಚಿತ್ರ ದೊಡ್ಡದು ಮಾಡಿ, ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ತಮ್ಮ 148ರ ಬಗ್ಗೆ ಅಲ್ಲ. ಊರಿನಲ್ಲಿ ತಂಗಿಯ ಮೊಮ್ಮಗ, ಎಂಟು ವರ್ಷ, ಇತ್ತೀಚೆಗೆ ಮೆಟ್ಟಿಲಲ್ಲಿ ಬೀಳುತ್ತಾನಂತೆ. ಜೀನ್ ಪರೀಕ್ಷೆ ಆಗಿದೆ, ರಿಪೋರ್ಟಿನಲ್ಲಿ ಏನೋ 'ಅನಿಶ್ಚಿತ' ಅಂತ ಬರೆದಿದ್ದಾರಂತೆ. "ಚರ್ಮ ತೆಗೆಯೋದು ಅಂದರೆ ಎಷ್ಟು ತೆಗೀತಾರೆ ಮಾರಾಯ್ತಿ? ಮಗು ಅಲ್ವಾ."

ನಾನು ಕಾಫಿ ಲೋಟ ಕೆಳಗಿಟ್ಟು ಕಿರುಬೆರಳಿನ ಉಗುರಿನ ಅರ್ಧ ತೋರಿಸಿದೆ. ಜಾಗ ಜುಮ್ಮೆನ್ನಿಸಿ ತೆಗೆಯುತ್ತಾರೆ. ಅದಕ್ಕೂ ಮೊದಲು ರಕ್ತದ ಆಕ್ಸಿಸ್ಟೆರಾಲ್ ಪರೀಕ್ಷೆ ಆಗಿದೆಯಾ ಅಂತ ಡಾಕ್ಟರನ್ನು ಕೇಳಿ, ಅಪ್ಪ ಅಮ್ಮನ ಜೀನನ್ನೂ ನೋಡಿದ್ದಾರಾ ಕೇಳಿ ಅಂದೆ. ಚರ್ಮ ತೆಗೆಯುವುದೇ ಆದರೆ ಬೆಳೆದ ಕೋಶಗಳಲ್ಲಿ ಒಂದಿಷ್ಟನ್ನು ದ್ರವ ಸಾರಜನಕದಲ್ಲಿ ತೆಗೆದಿಡಲು ಹೇಳಿ. ಮೈನಸ್ 196 ಡಿಗ್ರಿಯಲ್ಲಿ ಅವು ವರ್ಷಗಟ್ಟಲೆ ಇರುತ್ತವೆ, ಮತ್ತೆ ಬೇಕಾದಾಗ ಎಬ್ಬಿಸಬಹುದು, ಮಗುವಿಗೆ ಇನ್ನೊಂದು ಸಲ ಸೂಜಿ ಬೇಡ. ಮಾಮ ರಿಪೋರ್ಟಿನ ಹಿಂಭಾಗದಲ್ಲಿ 'ಆಕ್ಸಿಸ್ಟೆರಾಲ್' ಅಂತ ಕನ್ನಡದಲ್ಲಿ ಬರೆದುಕೊಂಡು, ಒತ್ತು ಸರಿಯಿದೆಯಾ ಅಂತ ನನಗೆ ತೋರಿಸಿ, ಊರಿಗೆ ಫೋನ್ ಹಚ್ಚಲು ಕೆಳಗೆ ಇಳಿದರು.